ಕೊಟ್ಟಿಗೆಯ ಕರೆಂಟಿನ ಲೆಕ್ಕ: ವೋಲ್ಟು, ಆಂಪಿಯರು, ಓಮು, ವ್ಯಾಟು



ಈ ಪತ್ರಿಕೆಯಲ್ಲಿ ನಾವು ಸಾಮಾನ್ಯವಾಗಿ ಮೇವು, ಗರ್ಭಧಾರಣೆ, ಕೆಚ್ಚಲು ಬಾವು, ಲಸಿಕೆ ಇವುಗಳ ಬಗ್ಗೆ ಬರೆಯುತ್ತೇವೆ. ಈ ಸಲ ಪಶುವೈದ್ಯನೊಬ್ಬ ಕರೆಂಟಿನ ಲೆಕ್ಕ ಹೇಳಲು ಹೊರಟಿದ್ದು ನೋಡಿ ನಿಮಗೆ ಆಶ್ಚರ್ಯವಾಗಬಹುದು. ಇದಕ್ಕೊಂದು ಕಾರಣವಿದೆ.

ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸದಸ್ಯರೊಬ್ಬರ ಮಿಶ್ರತಳಿ ಆಕಳು ಇದ್ದಕ್ಕಿದ್ದಂತೆ ಹಾಲು ಕಡಿಮೆ ಮಾಡಿತು. ಹೋಗಿ ನೋಡಿದೆ. ಜ್ವರವಿಲ್ಲ, ಕೆಚ್ಚಲು ಸರಿಯಾಗಿದೆ, ಹಾಲಿನ ಪರೀಕ್ಷೆಯಲ್ಲೂ ಬಾವಿನ ಲಕ್ಷಣವಿಲ್ಲ, ಸಗಣಿ ಸಹಜವಾಗಿದೆ. ಖನಿಜ ಮಿಶ್ರಣ ಕೊಡಲು ಹೇಳಿ ಬಂದೆ. ಹತ್ತು ದಿನ ಕಳೆದರೂ ಗುಣ ಕಾಣಲಿಲ್ಲ. ಎರಡನೇ ಸಲ ಹೋದಾಗ ಮನೆಯ ತಾಯಿಯವರು ಒಂದು ಮಾತು ಹೇಳಿದರು: "ಸಾಹೇಬ್ರ, ಇದು ತೊಟ್ಟಿಗೆ ಬಾಯಿ ಹಚ್ಚಿ ಹಿಂದಕ್ಕ ಸರೀತೈತಿ. ಬಕೀಟಿನ್ಯಾಗ ಕೊಟ್ರ ಕುಡೀತೈತಿ." ಯಜಮಾನರು ತೊಟ್ಟಿಯ ನೀರಿನಲ್ಲಿ ಕೈ ಅದ್ದಿ ತೋರಿಸಿ, ಏನೂ ಆಗುವುದಿಲ್ಲವಲ್ಲ ಎಂದರು. ಅವರ ಕಾಲಲ್ಲಿ ರಬ್ಬರು ಚಪ್ಪಲಿ ಇತ್ತು.

ಊರಿನ ವೈರಿಂಗ್ ಕೆಲಸದವರನ್ನು ಕರೆಸಿ ಮೀಟರು ಹಿಡಿಸಿದೆವು. ನೀರೆತ್ತುವ ಮೋಟರು ಚಾಲೂ ಇದ್ದಾಗ ತೊಟ್ಟಿಯ ಕಬ್ಬಿಣದ ನಳಕ್ಕೂ ಹಸಿ ನೆಲಕ್ಕೂ ನಡುವೆ 4 ವೋಲ್ಟ್ ಇತ್ತು. ಮೋಟರಿನ ಒಳಸುತ್ತು ಸೋರುತ್ತಿತ್ತು, ಅದರ ಅರ್ಥ್ ತಂತಿ ತುಂಡಾಗಿತ್ತು. ಅವೆರಡನ್ನೂ ಸರಿಪಡಿಸಿದ ಮೇಲೆ ಆಕಳು ಅದೇ ತೊಟ್ಟಿಯಲ್ಲಿ ನೀರು ಕುಡಿಯತೊಡಗಿತು, ಹಾಲೂ ಕ್ರಮೇಣ ಏರಿತು. ಮೊದಲ ದಿನವೇ ನಾನು ಆಕಳು ನೀರು ಕುಡಿಯುವುದನ್ನು ನಿಂತು ನೋಡಿದ್ದರೆ ಆ ಹತ್ತು ದಿನಗಳ ಹಾಲು ಉಳಿಯುತ್ತಿತ್ತು.

ಮನುಷ್ಯನಿಗೆ ತಾಗದ ಕರೆಂಟು ಆಕಳಿಗೆ ಹೇಗೆ ತಾಗುತ್ತದೆ ಎಂಬುದು ಒಂದು ಭಾಗಾಕಾರದ ಲೆಕ್ಕದಿಂದ ತಿಳಿಯುತ್ತದೆ. ಆ ಲೆಕ್ಕ ಪ್ರತಿಯೊಬ್ಬ ಹೈನುಗಾರನಿಗೂ ಬರಬೇಕು.

ನಾಲ್ಕು ಶಬ್ದಗಳು

ಎತ್ತರದಲ್ಲಿರುವ ನೀರಿನ ಟ್ಯಾಂಕನ್ನು ನೆನೆಯಿರಿ. ಟ್ಯಾಂಕು ಎತ್ತರದಲ್ಲಿದ್ದಷ್ಟೂ ನೀರಿನ ಒತ್ತಡ ಹೆಚ್ಚು. ಕರೆಂಟಿನ ಒತ್ತಡಕ್ಕೆ ವೋಲ್ಟ್ ಎನ್ನುತ್ತಾರೆ. ನಮ್ಮ ಮನೆಗಳಿಗೆ ಬರುವ ಸಿಂಗಲ್ ಫೇಸ್ ವಿದ್ಯುತ್ತಿನ ಒತ್ತಡ 230 ವೋಲ್ಟ್.

ಪೈಪಿನಲ್ಲಿ ಹರಿಯುವ ನೀರಿನ ಪ್ರಮಾಣದ ಹಾಗೆ ತಂತಿಯಲ್ಲಿ ಹರಿಯುವ ಪ್ರವಾಹಕ್ಕೆ ಆಂಪಿಯರ್ ಎಂಬ ಅಳತೆ. ಅದರ ಸಾವಿರದಲ್ಲೊಂದು ಭಾಗ ಮಿಲಿ ಆಂಪಿಯರ್.

ಪೈಪು ಸಣ್ಣದಿದ್ದರೆ, ಉದ್ದವಿದ್ದರೆ ನೀರಿಗೆ ತಡೆ ಹೆಚ್ಚು. ಕರೆಂಟಿಗೆ ಒದಗುವ ಈ ತಡೆಯೇ ರೋಧ. ಅದರ ಅಳತೆ ಓಮ್. ಜರ್ಮನಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಜಾರ್ಜ್ ಓಮ್ ಎಂಬವರು 1827ರಲ್ಲಿ ಈ ನಿಯಮವನ್ನು ಪ್ರಕಟಿಸಿದ್ದರಿಂದ ಅವರ ಹೆಸರೇ ಉಳಿದಿದೆ.

ಒತ್ತಡ ಮತ್ತು ಪ್ರವಾಹ ಎರಡೂ ಸೇರಿ ಮಾಡುವ ಕೆಲಸದ ವೇಗಕ್ಕೆ ವ್ಯಾಟ್ ಎನ್ನುತ್ತಾರೆ. 1000 ವ್ಯಾಟಿನ ಉಪಕರಣ ಒಂದು ತಾಸು ನಡೆದರೆ ಒಂದು ಯೂನಿಟ್.

ಇವುಗಳ ಸಂಬಂಧ ಹೀಗಿದೆ:

ರೋಧ = ವೋಲ್ಟ್ ÷ ಆಂಪಿಯರ್
ಆಂಪಿಯರ್ = ವೋಲ್ಟ್ ÷ ರೋಧ
ವ್ಯಾಟ್ = ವೋಲ್ಟ್ × ಆಂಪಿಯರ್

ಈ ಮೂರು ಸಾಲುಗಳನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ.

ಮೊದಲ ಲೆಕ್ಕ: ನೀರು ಕಾಯಿಸುವ ಕಾಯಿಲ್

ಹಾಲಿನ ಪಾತ್ರೆ ತೊಳೆಯಲು ನೀವು 1000 ವ್ಯಾಟಿನ ಕಾಯಿಲ್ ಬಳಸುತ್ತೀರಿ ಎಂದಿಟ್ಟುಕೊಳ್ಳಿ. 230 ವೋಲ್ಟ್ ಇದ್ದಾಗ ಅದು ಎಳೆಯುವ ಪ್ರವಾಹ 1000 ÷ 230, ಅಂದರೆ 4.35 ಆಂಪಿಯರ್. ಅದರ ರೋಧ 230 ÷ 4.35, ಅಂದರೆ ಸುಮಾರು 53 ಓಮ್.

ಸಂಜೆ ಹೊತ್ತು ವೋಲ್ಟೇಜ್ ಬಿದ್ದು 180ಕ್ಕೆ ಬಂದರೆ ಏನಾಗುತ್ತದೆ? ಕಾಯಿಲಿನ ರೋಧ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಪ್ರವಾಹ 180 ÷ 53 ಅಂದರೆ 3.4 ಆಂಪಿಯರಿಗೆ ಇಳಿಯುತ್ತದೆ. ವ್ಯಾಟ್ 180 × 3.4 ಅಂದರೆ ಸುಮಾರು 612. ವೋಲ್ಟ್ ಇಳಿದದ್ದು ಕಾಲುಭಾಗಕ್ಕಿಂತ ಕಡಿಮೆ, ಆದರೆ ಕಾವು ಇಳಿದದ್ದು ಶೇಕಡ 39ರಷ್ಟು. ಹತ್ತು ಲೀಟರ್ ನೀರನ್ನು 25 ಡಿಗ್ರಿಯಿಂದ 65 ಡಿಗ್ರಿಗೆ ಏರಿಸಲು 1000 ವ್ಯಾಟಿನಲ್ಲಿ ಸುಮಾರು 28 ನಿಮಿಷ ಬೇಕಾದರೆ 612 ವ್ಯಾಟಿನಲ್ಲಿ 46 ನಿಮಿಷ ಬೇಕು. ಅವಸರದಲ್ಲಿ ಅರೆಬಿಸಿ ನೀರಿನಲ್ಲಿ ಪಾತ್ರೆ ತೊಳೆದರೆ ಹಾಲು ಕೆಡಲು ಅದೂ ಒಂದು ಕಾರಣವಾದೀತು. ನೀರು ಕಾದಿದೆಯೇ ಎಂದು ನೋಡಲು, ಪ್ಲಗ್ ತೆಗೆಯದೆ ನೀರಿಗೆ ಬೆರಳು ಅದ್ದಲೇಬಾರದು.

ಎರಡನೇ ಲೆಕ್ಕ: ಮೇವು ಕತ್ತರಿಸುವ ಯಂತ್ರ

ಗೋವಿನಜೋಳದ ದಂಟು, ಜೋಳದ ಕಣಕಿ ಕತ್ತರಿಸಲು ನಮ್ಮ ಕಡೆ 2 ಅಶ್ವಶಕ್ತಿಯ ಯಂತ್ರಗಳು ಬಳಕೆಯಲ್ಲಿವೆ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್, ಎರಡಕ್ಕೆ 1492. ಇದು ಮೋಟರು ಹೊರಗೆ ಕೊಡುವ ಶಕ್ತಿ. ಮೋಟರಿನ ದಕ್ಷತೆ ಶೇಕಡ 70 ಎಂದು ಹಿಡಿದರೆ ಒಳಗೆ ಎಳೆಯುವುದು ಸುಮಾರು 2130 ವ್ಯಾಟ್. ಮೋಟರಿನ ಲೆಕ್ಕದಲ್ಲಿ ಪವರ್ ಫ್ಯಾಕ್ಟರ್ ಎಂಬುದೊಂದು ಸೇರುತ್ತದೆ. ಅದನ್ನು 0.8 ಎಂದು ಹಿಡಿಯೋಣ. ಪ್ರವಾಹ = 2130 ÷ (230 × 0.8), ಅಂದರೆ ಸುಮಾರು 11.6 ಆಂಪಿಯರ್. ದಿನಕ್ಕೆ ಅರ್ಧ ತಾಸು ನಡೆಸಿದರೆ ತಿಂಗಳಿಗೆ ಸುಮಾರು 32 ಯೂನಿಟ್.

ಮನೆಯ ಮೀಟರಿನಿಂದ ಕೊಟ್ಟಿಗೆಗೆ 60 ಮೀಟರ್ ದೂರವಿದ್ದರೆ ಹೋಗುವ ತಂತಿ, ಬರುವ ತಂತಿ ಸೇರಿ 120 ಮೀಟರ್ ಆಯಿತು. ಹಳೆಯ 1.5 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 18 ಓಮ್. 120 ಮೀಟರಿಗೆ 2.17 ಓಮ್. ಅದರಲ್ಲಿ 11.6 ಆಂಪಿಯರ್ ಹರಿದರೆ 25 ವೋಲ್ಟ್ ತಂತಿಯಲ್ಲೇ ಕಳೆದುಹೋಗುತ್ತದೆ. 25 × 11.6, ಅಂದರೆ 290 ವ್ಯಾಟಿನಷ್ಟು ತಂತಿ ಕಾಯುತ್ತದೆ. ಕೊಟ್ಟಿಗೆಯ ಪಕ್ಕದಲ್ಲಿ ಬಣವೆ ಇರುವುದನ್ನು ನೆನಪಿಡಿ. ಅದೇ 4 ಚದರ ಮಿಲಿಮೀಟರಿನ ತಾಮ್ರದ ತಂತಿಯಾದರೆ ರೋಧ 0.55 ಓಮ್, ನಷ್ಟ 6 ವೋಲ್ಟ್ ಮತ್ತು ಸುಮಾರು 74 ವ್ಯಾಟ್ ಮಾತ್ರ.

ಇನ್ನೊಂದು ಮಾತು. ವೋಲ್ಟೇಜ್ ಇಳಿದಾಗ ಕಾಯಿಲ್ ಕಡಿಮೆ ಕರೆಂಟು ಎಳೆಯುತ್ತದೆ ಎಂದು ಮೇಲೆ ನೋಡಿದೆವು. ಭಾರ ಹೊತ್ತ ಮೋಟರು ಹಾಗಲ್ಲ. ಅದೇ ಕೆಲಸ ಮಾಡಲು ಅದು 180 ವೋಲ್ಟಿನಲ್ಲಿ 14.8 ಆಂಪಿಯರ್ ಎಳೆಯುತ್ತದೆ. ಸುತ್ತಿನಲ್ಲಿ ಹುಟ್ಟುವ ಕಾವು ಪ್ರವಾಹದ ವರ್ಗದಂತೆ ಏರುವುದರಿಂದ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಮೋಟರು ಸುಡುವುದು, ಸುತ್ತಿನ ಹೊದಿಕೆ ಕರಗಿ ಯಂತ್ರದ ಮೈಗೆ ಕರೆಂಟು ಸೋರುವುದು ಹೀಗೆಯೇ. ವೋಲ್ಟೇಜ್ ಕಡಿಮೆಯಿದ್ದಾಗ ಮೇವು ಕತ್ತರಿಸಬೇಡಿ.

ಮೂರನೇ ಲೆಕ್ಕ: ಆಕಳ ಮೈ

ಈಗ ಮುಖ್ಯ ವಿಷಯಕ್ಕೆ ಬರೋಣ. ಒಣಗಿದ ಕೈಯ ಮನುಷ್ಯನ ಮೈಯ ರೋಧ ಹಲವು ಸಾವಿರ ಓಮ್ ಇರುತ್ತದೆ. ಚಪ್ಪಲಿ ಇದ್ದರೆ ಇನ್ನೂ ಎಷ್ಟೋ ಹೆಚ್ಚು. ಆಕಳಿನ ಬಾಯಿ ಸದಾ ಹಸಿ, ಮೂತಿ ಹಸಿ, ನಾಲ್ಕು ಗೊರಸುಗಳು ಗಂಜಳ ಸಗಣಿಯ ಹಸಿ ನೆಲದ ಮೇಲೆ. ಆದ್ದರಿಂದ ಬಾಯಿಯಿಂದ ಗೊರಸಿನವರೆಗಿನ ರೋಧವನ್ನು ತಜ್ಞರು 500 ಓಮ್ ಎಂದು ಹಿಡಿದು ಲೆಕ್ಕ ಮಾಡುತ್ತಾರೆ.

ಬ್ಯಾಡಗಿಯ ತೊಟ್ಟಿಗೆ ಈ ಲೆಕ್ಕ ಹಾಕಿ ನೋಡಿ. ಯಜಮಾನರ ಮೈಯ ರೋಧ 5000 ಓಮ್ ಎಂದರೂ 4 ÷ 5000, ಅಂದರೆ 0.8 ಮಿಲಿ ಆಂಪಿಯರ್. ಸುಮಾರು 1 ಮಿಲಿ ಆಂಪಿಯರ್ ಆಗುವವರೆಗೆ ಮನುಷ್ಯನಿಗೆ ಸಾಮಾನ್ಯವಾಗಿ ಅರಿವೇ ಆಗುವುದಿಲ್ಲ. ಆಕಳಿಗೆ 4 ÷ 500, ಅಂದರೆ 8 ಮಿಲಿ ಆಂಪಿಯರ್, ಹತ್ತು ಪಟ್ಟು. ವೋಲ್ಟು ಇಬ್ಬರಿಗೂ ಒಂದೇ ಇತ್ತು, ರೋಧ ಬೇರೆಯಾಗಿತ್ತು.

ಇದು ನಮ್ಮ ಕಡೆಯ ತೊಂದರೆ ಮಾತ್ರವಲ್ಲ. ಅಮೆರಿಕದ ಕೃಷಿ ಇಲಾಖೆ 1991ರಲ್ಲಿ ಸಾಕುಪ್ರಾಣಿಗಳ ಮೇಲೆ ಇಂಥ ದಾರಿತಪ್ಪಿದ ವಿದ್ಯುತ್ತಿನ ಪರಿಣಾಮ ಕುರಿತು ಒಂದು ಕೈಪಿಡಿಯನ್ನೇ ಹೊರತಂದಿತು. ಹೈನುಗಾರಿಕೆಗೆ ಹೆಸರಾದ ವಿಸ್ಕಾನ್ಸಿನ್ ರಾಜ್ಯದಲ್ಲಿ 500 ಓಮ್ ಮೇಲೆ 1 ವೋಲ್ಟ್, ಅಂದರೆ 2 ಮಿಲಿ ಆಂಪಿಯರನ್ನು ಎಚ್ಚರಿಕೆಯ ಮಟ್ಟವೆಂದು ಇಟ್ಟುಕೊಂಡಿದ್ದಾರೆ.

ಹಾಗಾದರೆ 230 ವೋಲ್ಟ್ ಪೂರ್ತಿ ತಾಗಿದರೆ? 230 ÷ 500 = 0.46 ಆಂಪಿಯರ್. ಉರಿಯುತ್ತಿರುವ 100 ವ್ಯಾಟಿನ ಹಳೆಯ ಬಲ್ಬಿನ ರೋಧ 529 ಓಮ್, ಪ್ರವಾಹ 0.43 ಆಂಪಿಯರ್. ಅಂದರೆ ಆಕಳ ಮೈಯಲ್ಲಿ ಹರಿಯುವುದು ಹೆಚ್ಚುಕಡಿಮೆ ಒಂದು ಬಲ್ಬು ಎಳೆಯುವಷ್ಟೇ ಕರೆಂಟು. ಬಲ್ಬು ಹಚ್ಚಿದರೆ ಫ್ಯೂಜು ಹೋಗುತ್ತದೆಯೇ? ಇಲ್ಲ. ಹಾಗೆಯೇ ಆಕಳು ಸಾಯುತ್ತಿದ್ದರೂ ಫ್ಯೂಜಿಗೆ ಅದು ಗೊತ್ತಾಗುವುದಿಲ್ಲ.

ನಾಲ್ಕನೇ ಲೆಕ್ಕ: ಅರ್ಥ್ ಇದ್ದರೆ ಸಾಕೇ?

"ನಮ್ಮ ಕೊಟ್ಟಿಗೆಗೆ ಅರ್ಥ್ ಹಾಕಿಸಿದ್ದೇವೆ" ಎಂದು ಹಲವು ಸದಸ್ಯರು ಹೇಳುತ್ತಾರೆ. ಹಾಕಿಸಲೇಬೇಕು. ಆದರೆ ಅದರ ರೋಧ ಎಷ್ಟು ಎಂಬುದು ಮುಖ್ಯ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳಲ್ಲಿ ಎರಿಭೂಮಿಯೂ ಇದೆ, ಮಸಾರಿಯೂ ಇದೆ. ಎರಿಮಣ್ಣು ಹಸಿಯಿದ್ದಾಗ ಕರೆಂಟನ್ನು ಚೆನ್ನಾಗಿ ಒಯ್ಯುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥ್ ಸಲಾಕೆಯಿಂದ ಬಿಟ್ಟುಕೊಂಡಾಗ ರೋಧ ಏರುತ್ತದೆ. ಗರಸು ಮಣ್ಣಿನ ಮಸಾರಿಯಲ್ಲಿ ನೀರು ಬೇಗ ಇಂಗುವುದರಿಂದ ರೋಧ ಮೊದಲೇ ಹೆಚ್ಚು.

ಫೇಸ್ ತಂತಿಯ ಹೊದಿಕೆ ಸವೆದು ಕೊಟ್ಟಿಗೆಯ ತಗಡಿಗೆ ತಾಗಿತು ಎನ್ನಿ. ಕರೆಂಟು ಅರ್ಥ್ ಮೂಲಕ ನೆಲಕ್ಕಿಳಿದು ಟ್ರಾನ್ಸ್‌ಫಾರ್ಮರಿಗೆ ಮರಳುವ ಮಾರ್ಗದ ಒಟ್ಟು ರೋಧ 20 ಓಮ್ ಇದ್ದರೆ ಪ್ರವಾಹ 230 ÷ 20 = 11.5 ಆಂಪಿಯರ್. ನಿಮ್ಮ ಎಂಸಿಬಿ 16 ಆಂಪಿಯರಿನದು. ಅದು ಬೀಳುವುದೇ ಇಲ್ಲ! ಆ 20 ಓಮಿನಲ್ಲಿ 18 ಓಮ್ ನಿಮ್ಮ ಸಲಾಕೆಯ ಬಳಿಯೇ ಇದ್ದರೆ ತಗಡು, ಕಂಬ, ಕಟ್ಟುವ ಸರಪಳಿ ಎಲ್ಲಕ್ಕೂ 18 × 11.5, ಅಂದರೆ 207 ವೋಲ್ಟ್. ತಾಗಿದ ಆಕಳಿಗೆ 207 ÷ 500, ಅಂದರೆ 0.41 ಆಂಪಿಯರ್. ಪ್ರಾಣ ಹೋಗಲು ಇಷ್ಟು ಸಾಕು. ಹಾಲು ಹಿಂಡಲು ಹೋದ ಮನೆಯವರಿಗೂ ಅದೇ ಗತಿ.

ಈ ಸೋರಿಕೆ ಬಿಲ್ಲಿನಲ್ಲೂ ಕಾಣುತ್ತದೆ. 230 × 11.5 = 2645 ವ್ಯಾಟ್; 24 ತಾಸಿಗೆ 63 ಯೂನಿಟ್. ಕಾರಣವಿಲ್ಲದೆ ಬಿಲ್ಲು ಏರಿದರೆ ಅಥವಾ ಮೇನ್ ಚಾಲೂ ಇಟ್ಟು ಉಳಿದೆಲ್ಲ ಸ್ವಿಚ್ಚು ತೆಗೆದ ಮೇಲೂ ಮೀಟರಿನ ಕೆಂಪು ದೀಪ ಮಿನುಗುತ್ತಲೇ ಇದ್ದರೆ ಎಲ್ಲೋ ಕರೆಂಟು ಸೋರುತ್ತಿದೆ ಎಂದು ತಿಳಿಯಿರಿ.

ಇದಕ್ಕೆ ಪರಿಹಾರ ಆರ್‌ಸಿಸಿಬಿ ಎಂಬ ಸ್ವಿಚ್ಚು. ಹಳೆಯ ರೂಢಿಯಲ್ಲಿ ಇದನ್ನು ಇಎಲ್‌ಸಿಬಿ ಎನ್ನುತ್ತಾರೆ. ಹೋದ ಕರೆಂಟು, ಬಂದ ಕರೆಂಟು ಎರಡನ್ನೂ ಇದು ತೂಗಿ ನೋಡುತ್ತದೆ. ವ್ಯತ್ಯಾಸ 30 ಮಿಲಿ ಆಂಪಿಯರ್ ಆದರೆ 0.3 ಸೆಕೆಂಡಿನೊಳಗೆ ಸಂಪರ್ಕ ಕಡಿಯುತ್ತದೆ. ಎಂಸಿಬಿ ತಂತಿಯನ್ನು ಕಾಯುತ್ತದೆ, ಆರ್‌ಸಿಸಿಬಿ ಜೀವವನ್ನು ಕಾಯುತ್ತದೆ. ಕೊಟ್ಟಿಗೆಗೆ ಎರಡೂ ಬೇಕು. ಆದರೆ 8 ಮಿಲಿ ಆಂಪಿಯರಿನಂಥ ಸಣ್ಣ ಸೋರಿಕೆಗೆ ಇದು ಬೀಳುವುದಿಲ್ಲ. ಅದಕ್ಕೆ ನಿಮ್ಮ ಕಣ್ಣೇ ಕಾವಲು.

ಸಣ್ಣ ಸೋರಿಕೆಯ ಲಕ್ಷಣಗಳು

ಆಕಳು ತೊಟ್ಟಿಗೆ ಬಾಯಿ ಹಚ್ಚಿ ಹಿಂದೆ ಸರಿಯುವುದು, ನಾಲಿಗೆಯಿಂದ ನೆಕ್ಕಿದಂತೆ ಕುಡಿಯುವುದು, ಒಂದೇ ಜಾಗದಲ್ಲಿ ನಿಲ್ಲಲು ಹಟ ಮಾಡುವುದು, ಹಾಲು ಹಿಂಡುವ ಯಂತ್ರ ಹಚ್ಚಿದಾಗ ಕಾಲು ಎತ್ತಿ ಎತ್ತಿ ಇಡುವುದು, ಸೊರ ಬಿಡದಿರುವುದು, ಕರೆಂಟು ಇಲ್ಲದ ಹೊತ್ತಿನಲ್ಲಿ ಮಾತ್ರ ಸಹಜವಾಗಿರುವುದು ಇವು ಲಕ್ಷಣಗಳು. ಹಾಲು ಕಡಿಮೆಯಾಗಲು ಕೆಚ್ಚಲು ಬಾವು, ಮೇವಿನ ಬದಲಾವಣೆ, ಬೆದೆ, ಜ್ವರ ಮುಂತಾದ ಕಾರಣಗಳೇ ಹೆಚ್ಚು. ಆದ್ದರಿಂದ ಮೊದಲು ಪಶುವೈದ್ಯರಿಗೆ ತೋರಿಸಿ. ಅವು ಯಾವುವೂ ಅಲ್ಲವೆಂದಾದಾಗ ಕರೆಂಟಿನ ಕಡೆ ನೋಡಿ.

ಪರೀಕ್ಷೆಯನ್ನು ಲೈಸೆನ್ಸ್ ಇರುವ ವೈರಿಂಗ್ ಕೆಲಸದವರಿಂದಲೇ ಮಾಡಿಸಿ. ಆಕಳು ಮುಟ್ಟುವ ನಳ ಅಥವಾ ಸರಪಳಿಗೂ ಅದು ನಿಲ್ಲುವ ಹಸಿ ನೆಲಕ್ಕೂ ನಡುವೆ ಮೀಟರು ಹಿಡಿಯಬೇಕು. ಮೋಟರು, ಯಂತ್ರ, ದೀಪಗಳನ್ನು ಒಂದೊಂದಾಗಿ ಚಾಲೂ ಮಾಡಿ ನೋಡಬೇಕು. ಬರೀ ಮೀಟರು ಕೆಲವೊಮ್ಮೆ ಇಲ್ಲದ ವೋಲ್ಟನ್ನೂ ತೋರಿಸುವುದರಿಂದ ಆಕಳ ಬದಲಿಗೆ 500 ಓಮಿನ ರೆಸಿಸ್ಟರನ್ನು ಮೀಟರಿನ ಎರಡು ಕಡ್ಡಿಗಳ ನಡುವೆ ಹಚ್ಚಿ ಅಳೆಯುವುದು ಸರಿಯಾದ ಕ್ರಮ. ರೆಸಿಸ್ಟರ್ ಇಲ್ಲದೆ ಹಿಡಿದಾಗಲೇ 10 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಮುಂದಿನ ಅಳತೆ ಬೇಡ. ಮೇನ್ ತೆಗೆದು ದುರಸ್ತಿ ಮಾಡಿಸಿ.

ಸದಸ್ಯರು ಪಾಲಿಸಬೇಕಾದ ನಿಯಮಗಳು

1. ಕೊಟ್ಟಿಗೆಯ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಬೀಳದಿದ್ದರೆ ಬದಲಾಯಿಸಿ.
2. ಮೋಟರು, ಮೇವು ಯಂತ್ರ, ಹಾಲು ಹಿಂಡುವ ಯಂತ್ರ ಎಲ್ಲಕ್ಕೂ ಅರ್ಥ್ ತಂತಿ ಇರಲಿ. ನೀರಿನ ನಳ, ಕಬ್ಬಿಣದ ಕಂಬ, ತಗಡುಗಳನ್ನೂ ಅದಕ್ಕೆ ಜೋಡಿಸಿ. ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ.
3. ಕೊಟ್ಟಿಗೆಯಲ್ಲಿ ತುಂಡು ತಂತಿ ಜೋಡಿಸಿ ಟೇಪು ಸುತ್ತುವುದು ಬೇಡ. ಇಲಿ ಕಡಿಯದಂತೆ ತಂತಿಯನ್ನು ಪೈಪಿನೊಳಗೆ ಒಯ್ಯಿರಿ.
4. ವಿದ್ಯುತ್ ಕಂಬಕ್ಕೆ, ಅದರ ಸ್ಟೇ ತಂತಿಗೆ ದನ ಕಟ್ಟಬೇಡಿ.
5. ಹಂದಿ, ಜಿಂಕೆ ತಡೆಯಲೆಂದು ಹೊಲದ ಬೇಲಿಗೆ ಮನೆಯ ಕರೆಂಟು ಕೊಡುವುದು ಅಪರಾಧ. ಮೇಯಲು ಹೋದ ನಿಮ್ಮದೇ ಆಕಳು, ನೀರು ಕಟ್ಟಲು ಹೋದ ನಿಮ್ಮದೇ ಮಗ ಅದಕ್ಕೆ ಬಲಿಯಾದಾರು.

ಅವಘಡವಾದಾಗ

ಮಳೆಗಾಲದಲ್ಲಿ ತಂತಿ ಹರಿದು ಬಿದ್ದ ಜಾಗದಲ್ಲಿ ನೆಲದ ವೋಲ್ಟು ಹೆಜ್ಜೆ ಹೆಜ್ಜೆಗೂ ಬೇರೆಯಿರುತ್ತದೆ. ಆಕಳಿನ ಮುಂಗಾಲು ಹಿಂಗಾಲುಗಳ ನಡುವೆ ಸುಮಾರು ಒಂದೂವರೆ ಮೀಟರ್ ಅಂತರವಿರುವುದರಿಂದ ಅದಕ್ಕೆ ಬೀಳುವ ವೋಲ್ಟು ಹೆಚ್ಚು. ಪ್ರವಾಹ ಹೃದಯದ ದಾರಿಯಲ್ಲೇ ಹಾಯುತ್ತದೆ. ಆದ್ದರಿಂದ ಮನುಷ್ಯ ಬದುಕಿದ ಜಾಗದಲ್ಲೂ ದನ ಸಾಯುವುದುಂಟು. ಅತ್ತ ದನ ಬಿಡಬೇಡಿ. ಹೆಸ್ಕಾಂನ 1912 ಸಂಖ್ಯೆಗೆ ಕೂಡಲೇ ತಿಳಿಸಿ.

ಕೊಟ್ಟಿಗೆಯಲ್ಲಿ ಆಕಳು ಬಿದ್ದು ಒದ್ದಾಡುತ್ತಿದ್ದರೆ ಕರುಳು ಕಿವಿಚಿದಂತಾಗುವುದು ಸಹಜ. ಆದರೂ ಓಡಿ ಹೋಗಿ ಹಿಡಿಯಬೇಡಿ. ಮೊದಲು ಮೇನ್ ತೆಗೆಯಿರಿ, ಆಮೇಲೆ ಮುಟ್ಟಿ. ಆಕಳನ್ನು ಮತ್ತೆ ತರಬಹುದು.

ಆಕಳು ಸತ್ತರೆ ಹೂಳುವ ಮುನ್ನ ಪಶುವೈದ್ಯರಿಗೆ ತಿಳಿಸಿ ಮರಣೋತ್ತರ ಪರೀಕ್ಷೆ ಮಾಡಿಸಿ. ಸುಟ್ಟ ಗಾಯ ಇಲ್ಲದೆಯೂ ಕರೆಂಟಿನಿಂದ ಸಾವು ಸಂಭವಿಸಬಹುದು. ಬಾಯಲ್ಲಿ ಅರೆಯಗಿದ ಮೇವು ಉಳಿದಿದ್ದರೆ ಅದನ್ನೂ ತೆಗೆಯದೆ ತೋರಿಸಿ. ಕಿವಿಯ ಓಲೆ ಕಳೆಯದಿರಲಿ, ಫೋಟೊ ತೆಗೆಯಿರಿ, ವಿಮಾ ಕಂಪನಿಗೆ, ಸಂಘದ ಕಾರ್ಯದರ್ಶಿಗೆ ಅದೇ ದಿನ ತಿಳಿಸಿ. 2003ರ ವಿದ್ಯುತ್ ಕಾಯ್ದೆಯ 161ನೇ ಕಲಮಿನಂತೆ, ವಿದ್ಯುತ್ ಲೈನಿನ ಅವಘಡದಲ್ಲಿ ಪ್ರಾಣಿ ಸತ್ತರೂ ವಿದ್ಯುತ್ ಪರಿವೀಕ್ಷಕರಿಗೆ ವರದಿಯಾಗಬೇಕು. ಪರಿಹಾರ ಕೇಳುವಾಗ ಆ ದಾಖಲೆ ಉಪಯೋಗಕ್ಕೆ ಬರುತ್ತದೆ.

ನೀವೇ ಮಾಡಿ ನೋಡಿ

1. 1500 ವ್ಯಾಟಿನ ಕಾಯಿಲ್ 230 ವೋಲ್ಟಿನಲ್ಲಿ ಎಷ್ಟು ಆಂಪಿಯರ್ ಎಳೆಯುತ್ತದೆ? ಅದರ ರೋಧ ಎಷ್ಟು? 6 ಆಂಪಿಯರಿನ ಸಾಕೆಟ್ಟಿಗೆ ಹಾಕಬಹುದೇ?
2. ತಗಡಿಗೆ ಕರೆಂಟು ತಾಗಿದೆ. ಮಾರ್ಗದ ಒಟ್ಟು ರೋಧ 46 ಓಮ್. ಎಷ್ಟು ಆಂಪಿಯರ್ ಸೋರುತ್ತದೆ? 10 ಆಂಪಿಯರಿನ ಎಂಸಿಬಿ ಬೀಳುತ್ತದೆಯೇ? ದಿನಕ್ಕೆ ಎಷ್ಟು ಯೂನಿಟ್ ನಷ್ಟ?
3. 500 ಓಮಿನ ರೆಸಿಸ್ಟರ್ ಮೇಲೆ 1.5 ವೋಲ್ಟ್ ಸಿಕ್ಕಿತು. ಆಕಳಿಗೆ ಎಷ್ಟು ಮಿಲಿ ಆಂಪಿಯರ್? ಸುಮ್ಮನೆ ಬಿಡಬಹುದೇ?

ಉತ್ತರಗಳು: 1. ಸುಮಾರು 6.5 ಆಂಪಿಯರ್, ಸುಮಾರು 35 ಓಮ್, ಹಾಕಬಾರದು, 16 ಆಂಪಿಯರಿನ ಸಾಕೆಟ್ ಬೇಕು. 2. 5 ಆಂಪಿಯರ್, ಬೀಳುವುದಿಲ್ಲ, 27.6 ಯೂನಿಟ್. 3. 3 ಮಿಲಿ ಆಂಪಿಯರ್; ಎಚ್ಚರಿಕೆಯ ಮಟ್ಟ ದಾಟಿದೆ, ಮೂಲ ಹುಡುಕಿ ಸರಿಪಡಿಸಬೇಕು.

ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಈ ಲೆಕ್ಕಗಳನ್ನು ಅವರಿಂದ ಮಾಡಿಸಿ. ಅವರ ಪುಸ್ತಕದಲ್ಲಿರುವ ಓಮನ ನಿಯಮವೇ ಇದು. ನಾಳೆ ಬೆಳಿಗ್ಗೆ ಹಾಲು ಹಾಕಲು ಸಂಘಕ್ಕೆ ಹೊರಡುವ ಮೊದಲು ಐದು ನಿಮಿಷ ಕೊಟ್ಟಿಗೆಯಲ್ಲಿ ನಿಂತು, ನಿಮ್ಮ ಆಕಳು ನೀರು ಹೇಗೆ ಕುಡಿಯುತ್ತದೆ ಎಂಬುದನ್ನು ಗಮನಿಸಿರಿ.